ಊರಿನ ಕಾಗದ ಓದುತ್ತಿದ್ದ ಅಪ್ಪ

ನಿಜಾಮರ ಕಾಲದಲ್ಲಿ ಸರಕಾರಿ ಕಾಗದವೆಲ್ಲ ಉರ್ದುವಿನಲ್ಲಿ ಬರುತ್ತಿತ್ತು. ಭಾಲ್ಕಿ ಹತ್ತಿರದ ನಮ್ಮ ಸಣ್ಣ ಊರಿನಲ್ಲಿ ಅದನ್ನು ಓದಬಲ್ಲವರು ಇಬ್ಬರೇ: ಹೊಲದ ಲೆಕ್ಕ ಬರೆಯುವ ಪಟವಾರಿ ಮತ್ತು ನಮ್ಮಪ್ಪ. ಪಟವಾರಿಯ ಬಾಯನ್ನು ಅವನ ಹೆಂಡತಿಯೂ ನಂಬುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಬೀದರಿನಲ್ಲಿ ಓದಿ ಬಂದಿದ್ದ ಅಪ್ಪನನ್ನೇ ಕರೆಯುತ್ತಿದ್ದರು. ಅಂಗಳದಲ್ಲಿ ಹೊರಸು ಹಾಕಿ ಕೂಡಿಸಿ, ಮನೆಮಂದಿಯೆಲ್ಲ ಎದ್ದು ನಿಲ್ಲುತ್ತಿದ್ದರು. ಅಪ್ಪ ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ತಿಳಿಸಿ ಹೇಳುತ್ತಿದ್ದ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

“ನಾ ಹೋದ್ರ ಕುಂತವ್ರು ಎದ್ದು ನಿಲ್ತಾರ,” ಎಂದು ಮನೆಗೆ ಬಂದು ಬೀಗುತ್ತಿದ್ದ. ಅವನ ಮಗಳೆಂದು ನಾನೂ ಓಣಿಯಲ್ಲಿ ಎದೆಯುಬ್ಬಿಸಿ ತಿರುಗುತ್ತಿದ್ದೆ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಾಗದಗಳು ಕನ್ನಡದಲ್ಲಿ ಬರತೊಡಗಿದವು. ಮನೆಮಾತು ಕನ್ನಡವಾದರೂ ಅಪ್ಪನಿಗೆ ಅದರ ಅಕ್ಷರ ಬರುತ್ತಿರಲಿಲ್ಲ. ಕರೆಯುವವರು ನಿಂತುಹೋದರು. ಅಪ್ಪ ಒಗೆದ ಅಂಗಿ ತೊಟ್ಟು ಕಟ್ಟೆಯ ಮೇಲೆ ಸುಮ್ಮನೆ ಕೂಡುತ್ತಿದ್ದ. ಕಡೆಗೊಂದು ದಿನ ನನ್ನ ಹಳೆಯ ಒಂದನೇ ಪುಸ್ತಕ ಕೇಳಿದ. ಕೂದಲು ಬೆಳ್ಳಗಾದ ಮನುಷ್ಯ ಮಳೆಗಾಲವಿಡೀ ನನ್ನ ಪಾಟಿಯ ಮೇಲೆ ಅಕ್ಷರ ತಿದ್ದಿದ. ಉರ್ದುವಿನ ರೂಢಿಗೆ ಕಣ್ಣು ಮೊದಲು ಸಾಲಿನ ಬಲತುದಿಗೇ ಓಡುತ್ತಿತ್ತು. ಒತ್ತಕ್ಷರ ಬಂದರೆ ಬೈಯುತ್ತಿದ್ದ. ಮತ್ತೆ ಊರಿಗೆ ಬೇಕಾಗಬೇಕು, ಅದೊಂದೇ ಅವನ ಆಸೆ. ಸುಗ್ಗಿಯ ಹೊತ್ತಿಗೆ ತಡವರಿಸದೆ ಓದತೊಡಗಿದ.

ಆಗಲೇ ಪಕ್ಕದ ಮನೆಗೊಂದು ನೋಟಿಸು ಬಂತು. ಅಪ್ಪ ಕರೆಯದೆಯೇ ಹೊರಟ. ನಾನೂ ಬೆನ್ನಿಗೆ ಹೋದೆ. ಆ ಮನೆಯ ಸೊಸೆ ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಕಾಗದ ಇಲ್ಲಿ ತಾರವ್ವ, ಈಗ ಕನ್ನಡಾನೂ ಓದ್ತೇನಿ.”

“ಬ್ಯಾಡ್ರಿ ಕಾಕಾ.”

“ಯಾಕ?”

“ಸಿಟ್ಟಾಗಬ್ಯಾಡ್ರಿ. ಹೊಲ ಜಪ್ತಿ ಆದದ್ದು ನಿಮ್ಮ ಬಾಯಿಲೇ ಕೇಳಿದೆವು. ನಮ್ಮ ಮಾವಗ ಜೇಲ್ ಆದದ್ದೂ ನೀವೇ ಓದಿದ್ರಿ. ನೀವು ಬಂದ್ರ ಹೆದರಿ ಎದ್ದು ನಿಲ್ತಿದ್ದೆವು. ಅದಕ್ಕೇ ಒಳಗ ಕರೀತಿರಲಿಲ್ರಿ. ನೀವು ಹೋದ ಮ್ಯಾಲ ಅಪಶಕುನ ಅಂತ ಹೊರಸಿಗಿ ನೀರು ಹಾಕ್ತಿದ್ದೆವು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಬರಬಹುದಿತ್ತು.

ಮನೆಗೆ ಬಂದಾಗ ಅವ್ವ ಸಮಾಧಾನ ಹೇಳಿದಳು: “ಇದ್ದದ್ದು ಇದ್ಹಂಗ ಹೇಳಿದ್ರ ಎದ್ದು ಬಂದು ಎದಿಗಿ ಒದ್ರಂತ.”

“ಒದ್ದಿದ್ರ ಛಲೋ ಇತ್ತು,” ಎಂದ ಅಪ್ಪ.

ಆ ಹೆಂಗಸನ್ನು ನಾನು ವರ್ಷಗಟ್ಟಲೆ ದ್ವೇಷಿಸಿದೆ. ಈಗ ಸಿಟ್ಟು ಅಪ್ಪನ ಮೇಲೆಯೇ ಬರುತ್ತದೆ. ಅಷ್ಟು ಕಾಲ ಎದುರಿಗೆ ನಿಂತವರ ಮುಖವನ್ನು ಒಮ್ಮೆಯಾದರೂ ನೋಡಬಾರದಿತ್ತೇ?

ಅದೇ ಚಳಿಗಾಲದ ಕೊನೆಗೆ ಔರಾದಿನಿಂದ ಅಕ್ಕನ ಗಂಡನ ಮನೆಯ ಕಾಗದ ಬಂತು. ಅಕ್ಕನಿಗೆ ದಿನ ತುಂಬಿತ್ತು. ನಾನು ಒಡೆಯಲು ಹೋದರೆ ಅಪ್ಪ ಕಸಿದುಕೊಂಡ.

“ನೀ ಓದಬ್ಯಾಡ.”

“ನನಗ ಬರ್ತದಪ್ಪಾ.”

“ಬರ್ತದ ಅಂತನೇ ಬ್ಯಾಡ.”

“ಹಂಗಾದ್ರ ನೀವರ ಓದ್ರಿ,” ಎಂದು ಅವ್ವ ಅಳತೊಡಗಿದಳು. ಅಪ್ಪ ಕಾಗದ ಹಿಡಿದು ಚಪ್ಪಲಿ ಮೆಟ್ಟಿಕೊಂಡು, ಪಕ್ಕದ ಹಳ್ಳಿಯ ಮಾಸ್ತರರ ಹತ್ತಿರ ನಡೆದುಹೋದ.

ಬಿಸಿಲು ಇಳಿಯುವ ಹೊತ್ತಿಗೆ ಮರಳಿ ಬಂದ. ಅಕ್ಕ ಹೆಣ್ಣು ಹಡೆದಿದ್ದಳು, ತಾಯಿ ಮಗು ಇಬ್ಬರೂ ಆರಾಮಿದ್ದರು. ಅಪ್ಪನ ಕೈಗೆ ಬಂದ ಒಂದೇ ಒಂದು ಒಳ್ಳೆಯ ಕಾಗದ ಅದು. ಅದನ್ನು ಬೇರೆ ಯಾರೋ ಓದಿದ್ದರು.