ಬಾಟಲಿ ಬಿಟ್ಟು ಹೊರಟ ಪಾರ್ಲರ್ ಅಕ್ಕ

ಬೀದಿಯ ಹೆಂಗಸರೆಲ್ಲ ಅವಳನ್ನು ಪಾರ್ಲರ್ ಅಕ್ಕ ಅಂತಲೇ ಕರೆಯುವುದು. ಅವಳಿಗಿಂತ ಹಿರಿಯರೂ ಅಕ್ಕ ಅನ್ನುತ್ತಾರೆ. ಕತ್ತರಿ ಹಿಡಿದವಳ ಎದುರು ವಯಸ್ಸಿನ ಚರ್ಚೆ ಬೇಡ ಅಂತಿರಬೇಕು. ಮನೆಯ ಮುಂದಿನ ಕೋಣೆಯೇ ಪಾರ್ಲರ್. ಒಂದು ತಿರುಗುವ ಕುರ್ಚಿ, ಅಂಚಿನಲ್ಲಿ ಪಾದರಸ ಬಿಟ್ಟ ಕನ್ನಡಿ, ತಲೆ ತೊಳೆಯುವ ಬೇಸಿನ್, ಕಪಾಟಿನ ತುಂಬ ಬಾಟಲಿಗಳು. ಆ ಬಾಟಲಿಗಳೇ ಅವಳ ಧೈರ್ಯ. ಎಂಥ ತಲೆ ಬಂದರೂ ಅದಕ್ಕೊಂದು ಬಾಟಲಿ ಇರುತ್ತಿತ್ತು.

ಆದರೆ ಅವಳನ್ನು ಹುಟ್ಟಿನಿಂದ ಅಕ್ಕ ಅಂದವಳು ಒಬ್ಬಳೇ, ದೂರದ ಊರಿನಲ್ಲಿದ್ದ ತಂಗಿ. ಅವಳು ದೊಡ್ಡ ಕಾಯಿಲೆಯಿಂದ ಎದ್ದಿದ್ದಳು. ಚಿಕಿತ್ಸೆಗೆ ಉದುರಿದ ಕೂದಲು ಮತ್ತೆ ಚಿಗುರುತ್ತಿತ್ತು. ಆದರೂ ತಲೆಗೆ ಕಟ್ಟಿದ ಬಟ್ಟೆಯನ್ನು ಯಾರೆದುರಿಗೂ ಬಿಚ್ಚುತ್ತಿರಲಿಲ್ಲ. "ನನಗೂ ತೋರಿಸಲ್ಲ ಅಕ್ಕ, ಕನ್ನಡಿ ಕೂಡ ನೋಡಲ್ಲ. ನೀವಾದ್ರೂ ಬನ್ನಿ," ಅಂತ ಅವಳ ಗಂಡ ಫೋನಿನಲ್ಲಿ ಅತ್ತೇಬಿಟ್ಟ.

"ಬರ್ತೀನಿ. ನಾನೇ ತಲೆ ತೊಳೀತೀನಿ," ಅಂದುಬಿಟ್ಟಳು. ಫೋನ್ ಇಟ್ಟ ಮೇಲೆ ಯೋಚನೆ ಹತ್ತಿತು. ಊರ ತಲೆಗಳೆಲ್ಲ ತನ್ನ ಕೈಗೆ ಬಂದಿವೆ, ಈ ಒಂದು ತಲೆ ಬರದಿದ್ದರೆ?

ಅಗ್ಗದ ವಿಮಾನದ ಟಿಕೆಟ್ಟು, ಜೊತೆಗೆ ಒಯ್ಯಲು ಕೈಚೀಲವೊಂದಕ್ಕೇ ಅವಕಾಶ. ಬೇಸಿನ್ನಿಗೆ ಕತ್ತು ಕೊಟ್ಟು ಕಣ್ಮುಚ್ಚಿದ್ದ ಗಿರಾಕಿಯೊಬ್ಬಳು, ಟ್ರಾವೆಲ್ಸ್ ಆಫೀಸಿನವಳು, ಅದರಲ್ಲಿ ಬಾಟಲಿಗಳನ್ನು ತುಂಬುವ ಅಕ್ಕನ ಮಾತು ಕೇಳಿ ನಕ್ಕಳು. "ಕೈಚೀಲದಲ್ಲಿ ಇಷ್ಟು ದೊಡ್ಡ ಬಾಟಲಿ ಯಾವುದನ್ನೂ ವಿಮಾನದೊಳಗೆ ಬಿಡಲ್ಲ ಅಕ್ಕ. ಗಟ್ಟಿ ಸಾಮಾನು ತಗೊಂಡ್ಹೋಗಿ. ಶಾಂಪೂ ಈಗ ಸೋಪಿನ ಥರ ಬಿಲ್ಲೆಯಾಗಿ ಬರುತ್ತೆ."

"ಶಾಂಪೂ ಬಿಲ್ಲೆಯಾ! ನಾಳೆ ನೀರನ್ನೂ ಕಾಗದದಲ್ಲಿ ಕಟ್ಟಿಕೊಡ್ತಾರೆ ಬಿಡಮ್ಮ."

"ಆ ಊರಲ್ಲಿ ಅಂಗಡಿ ಇಲ್ವಾ?" ಅಂತ ಅಕ್ಕನ ಗಂಡ ಕೇಳಿದ. ಪಕ್ಕದ ಮಳಿಗೆಯಲ್ಲಿ ಬ್ಯಾಗು, ಸೂಟ್‌ಕೇಸು ಹೊಲಿದು ಕೊಡುವ ಮನುಷ್ಯ. ಕೇಳಿದ್ದು ಸರಿಯಾಗಿಯೇ ಇತ್ತು, ಅದಕ್ಕೇ ಅವಳಿಗೆ ಸಿಟ್ಟು ಬಂತು.

"ಅವಳ ನೆತ್ತಿ ಇನ್ನೂ ಎಳೇದು. ಗೊತ್ತಿಲ್ಲದ ಬಾಟಲಿ ಸುರೀಲಾ? ಮೊದಲು ನನ್ನ ತಲೆ, ಆಮೇಲೆ ನಿಮ್ಮ ತಲೆ, ಆಮೇಲೇ ಅವಳ ತಲೆ."

ಅವನ ತಲೆಯಲ್ಲಿ ಪರೀಕ್ಷೆಗೆ ಸಾಕಾಗುವಷ್ಟು ಕೂದಲು ಇರಲಿಲ್ಲ. ಹಾಗಂತ ಹೇಳುವ ಧೈರ್ಯವೂ ಇರಲಿಲ್ಲ.

ಮೊದಲು ತಂದ ಬಿಲ್ಲೆ ಹೆಸರಿಗೆ ಶಾಂಪೂ, ಗುಣದಲ್ಲಿ ಅಪ್ಪಟ ಸೋಪು. ಅವರ ನಲ್ಲಿಯ ಗಡಸು ನೀರಿಗೆ ಸೇರಿ ಕೂದಲೆಲ್ಲ ಅಂಟಾಗಿ, ಬಾಚಣಿಗೆ ನಡುದಾರಿಯಲ್ಲಿ ನಿಂತಿತು. ಎರಡನೆಯದು ಒಳ್ಳೆಯದೇ, ಆದರೆ ಒದ್ದೆ ತಟ್ಟೆಯಲ್ಲಿ ಬಿಟ್ಟಿದ್ದಕ್ಕೆ ಬೆಳಗಾಗುವಷ್ಟರಲ್ಲಿ ಲೋಳೆಯಾಗಿತ್ತು. ಗಂಡ ಜಾಲರಿ ಬಟ್ಟೆಯ ಪುಟ್ಟ ಚೀಲ ಹೊಲಿದುಕೊಟ್ಟ. ನೀರು ಬಸಿದು ಬಿಲ್ಲೆ ಒಣಗುತ್ತಿತ್ತು. ಹಲ್ಲುಜ್ಜುವ ಪೇಸ್ಟಿನ ಬದಲು ತಂದಿದ್ದ ಮಾತ್ರೆಯನ್ನು ಮಾತ್ರ ಅವನು ಲೋಟ ನೀರು ಕುಡಿದು ನುಂಗಿಬಿಟ್ಟ.

"ಅದನ್ನ ಜಗಿದು ಬ್ರಷ್ ಮಾಡ್ಬೇಕು ರೀ!"

"ಮಾತ್ರೆ ಅಂದ್ಯಲ್ಲ, ನುಂಗ್ದೆ. ಊಟಕ್ಕೆ ಮುಂಚೆನೋ ಆಮೇಲೋ ಅಂತ ಕೇಳೋಣ ಅಂತಿದ್ದೆ."

ಬಿಲ್ಲೆಯನ್ನು ನೇರವಾಗಿ ತಲೆಗೆ ತಿಕ್ಕಿದರೆ ಕೂದಲು ಗಂಟಾಗುತ್ತದೆ ಅಂತ ಅವಳು ಕಲಿತದ್ದು ತನ್ನ ತಲೆಯ ಮೇಲೆಯೇ. ಒದ್ದೆ ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೊರೆ ಬರಿಸಿ, ನೊರೆಯನ್ನಷ್ಟೇ ಹಚ್ಚಬೇಕು. ಇಷ್ಟು ವರ್ಷ ಬಾಟಲಿ ಅಮುಕಿದ ಕೈಗೆ ಅದು ಹೊಸ ಪಾಠ. ಲೋಷನ್ನಿಗೂ ದಾರಿ ಹುಡುಕಿದಳು: ಗಂಡ ದಾರಕ್ಕೆ ತಿಕ್ಕುವ ಜೇನುಮೇಣವನ್ನೇ ಸ್ವಲ್ಪ ಬೇಡಿ ಪಡೆದು, ಹೂವಿನ ವಾಸನೆಯ ಎಣ್ಣೆಯ ಜೊತೆ ಕರಗಿಸಿ, ಅವನದೇ ಒಂದು ಖಾಲಿ ತಗಡಿನ ಡಬ್ಬಿಯಲ್ಲಿ ಹೆಪ್ಪುಗಟ್ಟಿಸಿದಳು. ಅವನ ಮೇಣದ ಡಬ್ಬಿಯೂ ಅಂಥದ್ದೇ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಅವಳ ಚೀಲದ ಕೂದಲೂ ಕೊಂಕಲಿಲ್ಲ. ತಂಗಿ ಬಾಗಿಲಲ್ಲೇ ತಬ್ಬಿಕೊಂಡಳು, ಇಬ್ಬರೂ ಮನಸಾರೆ ಅತ್ತರು. ತಲೆಯ ಬಟ್ಟೆ ಮಾತ್ರ ಬಿಗಿಯಾಗಿಯೇ ಇತ್ತು. "ನಾಳೆ ತೊಳಿ ಅಕ್ಕ," ಅಂದಳು. ಮಾರನೆಯ ದಿನವೂ ಅದೇ ನಾಳೆ. ಅಕ್ಕ ಒತ್ತಾಯ ಮಾಡಲಿಲ್ಲ. ಬಚ್ಚಲಿನಲ್ಲಿ ಸ್ಟೂಲು, ತಂಬಿಗೆ, ಟವೆಲ್ ಜೋಡಿಸಿಟ್ಟು, ಸಂಜೆ ಸುಮ್ಮನೆ ಎತ್ತಿಟ್ಟಳು. ಹೊರಡುವ ದಿನ ಹತ್ತಿರವಾಗುತ್ತಿತ್ತು. ತಾನು ಬಂದದ್ದು ದಂಡವಾಯಿತೇನೋ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ತಂಗಿಯ ಒಣಗಿ ಬಿರಿದ ಅಂಗೈ ನೋಡಿ, "ಇದನ್ನಾದ್ರೂ ಹಚ್ತೀನಿ, ಕೊಡು," ಅಂತ ಡಬ್ಬಿ ತೆಗೆದಳು. ತಿಕ್ಕಿದಳು. ಕರಗಲಿಲ್ಲ. ಇನ್ನೂ ಜೋರಾಗಿ ತಿಕ್ಕಿದಳು.

"ಅಕ್ಕ, ಇದೇನೇ, ಬೆರಳೆಲ್ಲ ಅಂಟ್ಕೋತಿದೆ!"

ಬೆಳಕಿಗೆ ಹಿಡಿದು ನೋಡಿದರೆ ಮೇಣದಲ್ಲಿ ಕಪ್ಪು ದಾರದ ಚೂರುಗಳು, ಹಳೇ ಚರ್ಮದ ವಾಸನೆ. "ಅಯ್ಯೋ, ಇದು ನಿಮ್ಮ ಭಾವನ ಮೇಣ ಕಣೇ! ಸೂಟ್‌ಕೇಸ್ ಹೊಲಿಯೋದು!"

ತಂಗಿ ಒಂದು ಗಳಿಗೆ ಯೋಚಿಸಿದಳು. "ಹಾಗಾದ್ರೆ ಭಾವ ಅಲ್ಲಿ ಏನು ತಿಕ್ತಿದಾರೆ?"

ಫೋನ್ ಮಾಡಿದರು. ಆ ಕಡೆಯಿಂದ ಭಾವನ ಗೋಳು: "ದಾರ ಎಲ್ಲ ಜಾರ್ತಾ ಇದೆ ಮಾರಾಯ್ತಿ, ಒಂದು ಗಂಟೂ ನಿಲ್ತಿಲ್ಲ. ಅಂಗಡಿ ಮಾತ್ರ ಘಮಘಮ. ಬಂದೋರೆಲ್ಲ ಬ್ಯಾಗ್ ಮೂಸಿ ನೋಡಿ ನನ್ನ ಮುಖ ನೋಡ್ತಾರೆ!"

ತಂಗಿಗೆ ನಗು ಉಕ್ಕಿತು. ಕಾಯಿಲೆಗೆ ಮುಂಚಿನ ನಗು, ಹೊಟ್ಟೆ ಹಿಡಿದು ಬಾಗಿ ನಗುವುದು. ಬಾಗಿದ ರಭಸಕ್ಕೆ ತಲೆಯ ಬಟ್ಟೆ ಸಡಿಲಾಗಿ ಹಿಂದಕ್ಕೆ ಜಾರಿತು. ಎಳೆದುಕೊಳ್ಳಲು ಕೈ ಎತ್ತಿದಳು. ಬೆರಳ ತುಂಬ ಮೇಣ. ಕೈ ಅಲ್ಲೇ ನಿಂತಿತು.

"ಇರ್ಲಿ ಬಿಡು," ಅಂದಳು. ನಗು ನಿಂತಿತ್ತು. "ನೋಡಿದ್ಯಲ್ಲ. ಮೊದಲು ನೆಟ್ಟಗಿತ್ತು, ಈಗ ಗುಂಗುರು, ಬೂದಿ ಬಣ್ಣ. ಯಾರದೋ ತಲೆ ಹೊತ್ಕೊಂಡು ಓಡಾಡ್ದಂಗೆ ಆಗುತ್ತೆ ಅಕ್ಕ."

"ಯಾರದಾದ್ರೂ ಆಗ್ಲಿ, ತೊಳೆಯೋಳು ನಾನು ತಾನೆ? ಬಾ."

ತಂಗಿ ಸ್ಟೂಲಿನ ಮೇಲೆ ಕೂತು, ಕಣ್ಣು ಬಿಗಿಯಾಗಿ ಮುಚ್ಚಿ ತಲೆ ಬಗ್ಗಿಸಿದಳು. ಅಕ್ಕ ತನ್ನ ಕೈಯ ಮೇಣ ತಿಕ್ಕಿ ತೆಗೆದು, ಬೆಚ್ಚಗಿನ ನೀರು ಹನಿಸಿ, ಬಿಲ್ಲೆಯನ್ನು ಅಂಗೈಯಲ್ಲಿ ತಿರುಗಿಸತೊಡಗಿದಳು. ಬಾಟಲಿಯಾಗಿದ್ದರೆ ತಣ್ಣಗಿನದನ್ನು ನೆತ್ತಿಗೆ ಸುರಿದುಬಿಡುತ್ತಿದ್ದಳು, ಇಷ್ಟು ವರ್ಷ ಎಲ್ಲರಿಗೂ ಮಾಡಿದ ಹಾಗೆ. ಈಗ ನೊರೆ ಬರುವವರೆಗೆ ಕಾಯಬೇಕಿತ್ತು. ಕಾಯುವಷ್ಟರಲ್ಲಿ ಕೈ ಬಿಸಿಯಾಯಿತು, ತಂಗಿಯ ಹೆಗಲೂ ನಿಧಾನವಾಗಿ ಕೆಳಗಿಳಿಯಿತು. ಬಾಟಲಿ ಬೇಡವೆಂದ ವಿಮಾನದವರಿಗೆ, ಹೆಸರೇ ಗೊತ್ತಿಲ್ಲದ ಡಾಕ್ಟರುಗಳಿಗೆ, ಡಬ್ಬಿ ಅದಲುಬದಲು ಮಾಡಿದ ಪುಣ್ಯಾತ್ಮ ಗಂಡನಿಗೆ, ಹುಟ್ಟಿ ಬಂದ ಒಂದೊಂದು ಕೂದಲಿಗೆ ಅವಳು ಮನಸ್ಸಿನಲ್ಲೇ ಕೈ ಮುಗಿದಳು. ಮುಗಿಯಲು ಕೈ ಖಾಲಿ ಇರಲಿಲ್ಲ. ಹತ್ತು ಬೆರಳೂ ತಂಗಿಯ ತಲೆಯಲ್ಲಿದ್ದವು.

ನೀರು ಹಾಕಿ ನೊರೆಯೆಲ್ಲ ತೆಗೆದಳು. ಟವೆಲ್ಲಿಗೆ ಕೈ ಚಾಚಿದಾಗ ತಂಗಿ ಕಣ್ಣು ತೆರೆಯದೆ ಅವಳ ಸೆರಗು ಹಿಡಿದಳು.

"ಅಕ್ಕ, ಇನ್ನೊಂದ್ಸಲ ತೊಳಿ. ಕೊಳೆ ಸರಿಯಾಗಿ ಹೋಗಿಲ್ಲ."

ಕೂದಲು ಬೆರಳಿಗೆ ಸಿಕ್ಕಿ ಕಿರ್ ಅನ್ನುವಷ್ಟು ಚೊಕ್ಕವಾಗಿತ್ತು. ಅದು ಪಾರ್ಲರಿನವಳಿಗೆ ಗೊತ್ತಾಗದ ವಿಷಯವಲ್ಲ.

"ಹೌದು ಕಣೇ, ಹೋಗಿಲ್ಲ," ಅಂದಳು ಅಕ್ಕ, ಮತ್ತೆ ಬಿಲ್ಲೆ ಎತ್ತಿಕೊಂಡಳು.