ನಾಲ್ಕು ವಾರವನ್ನು ಒಂದು ದಿನಕ್ಕೆ ಇಳಿಸಿದ್ದು

ಹಿಂದೂಪುರದ ಹುಣಸೆ ಮಂಡಿಯಲ್ಲಿ ಪಳಗಿದವನು ನಾನು. ಎದುರಿನವರು ಎಷ್ಟೇ ಹೇಳಲಿ, ಕಾಲುಭಾಗದಿಂದ ಮಾತು ಶುರುಮಾಡುತ್ತೇನೆ. ಮಾನವಶಾಸ್ತ್ರದ ಡಿಗ್ರಿಗೆ ಏನೇನು ಬೇಕು ಎಂಬ ಹಾಳೆಯನ್ನು ಮಗಳು ತೋರಿಸಿದಾಗಲೂ ಅದನ್ನೇ ಮಾಡಿದೆ. ಮೂಳೆ ಅಳೆಯುವ ಪೇಪರು, ಬುಡಕಟ್ಟುಗಳ ಪೇಪರು ಎಲ್ಲ ಪಾಸಾಗಿದ್ದವು. ಉಳಿದದ್ದು ಒಂದೇ. ಹಳ್ಳಿಯ ಮನೆಯೊಂದರಲ್ಲಿ ನಾಲ್ಕು ವಾರ ಇದ್ದು, ಅವರ ನೆಂಟಸ್ತಿಕೆಯ ನಕ್ಷೆ ಬರೆದು ವರದಿ ಕೊಡಬೇಕು. ಅದಿಲ್ಲದೆ ಡಿಗ್ರಿ ಇಲ್ಲ.

“ನಾಲ್ಕು ವಾರ ಯಾಕವ್ವ? ಬೆಳುಗುಪ್ಪದಾಗೆ ನಿಮ್ಮತ್ತೆ ಅವ್ಳೆ. ಒಂದಿನ ಸಾಕು. ಮಿಕ್ಕಿದ್ದು ಮನೇಲಿ ಕುಂತು ಬರ್ಕೊ.”

“ಇದು ಹುಣಸೇಹಣ್ಣಲ್ಲ ಕಣಪ್ಪ, ಚೌಕಾಸಿ ಮಾಡಕ್ಕೆ.”

ನಾನು ಬಿಡಲಿಲ್ಲ. ಬೇರೆ ಪರೀಕ್ಷೆಗಳೂ ಹತ್ತಿರವಿದ್ದವು, ಅವಳು ಸೋತಳು.

ಹೋಗುವ ಹಿಂದಿನ ದಿನ ಬೆಳುಗುಪ್ಪದ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕನನ್ನು ನಮ್ಮ ಸೋದರಮಾವನಿಗೇ ಕೊಟ್ಟಿದ್ದು. ಮಾವ ಈಗಿಲ್ಲ; ಅವನು ನಮ್ಮವ್ವನ ತಮ್ಮನೆಂದು ಮಗಳಿಗೆ ನಾನು ಹೇಳಿರಲಿಲ್ಲ.

“ಮಾವ ದೂರದ ಸಂಬಂಧ ಅನ್ನಕ್ಕ. ಓದಿದೋರು ನಗಾಡ್ತಾರೆ.”

“ಅವ್ವನ ತಮ್ಮನ್ನೇ ಕಟ್ಕೊಂಡು ಇಷ್ಟೊರ್ಸ ಬಾಳಿ, ಈಗ ದೂರದೋನು ಅನ್ಬೇಕೇನ್ಲಾ?”

“ಹುಡ್ಗಿ ಪಾಸಾಗ್ಬೇಕಲ್ಲಕ್ಕ.”

“ಸರ್ಲೇ,” ಅಂದಳು.

ನಗಾಡುತ್ತಾರೆ ಎಂಬುದು ನೆಪ. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಆ ಮದುವೆಯ ಮಾತೇ ಏಳಬಾರದಿತ್ತು ನನಗೆ.

ಕಲ್ಯಾಣದುರ್ಗಕ್ಕೆ ಬಸ್ಸು, ಅಲ್ಲಿಂದ ಜೀಪು. ಮಗಳು ಗಂಡಸರಿಗೆ ತ್ರಿಕೋನ, ಹೆಂಗಸರಿಗೆ ವೃತ್ತ ಬರೆಯುತ್ತಾ ಕೇಳಿದಳು. ಅಕ್ಕ ನನ್ನ ಮುಖ ನೋಡುತ್ತಾ ಹೇಳಿದಳು. ಸಂಜೆಯ ಜೀಪಿಗೆ ವಾಪಸಾದೆವು.

ವರದಿ ಓದಿದ ಮೇಷ್ಟ್ರು ಮಗಳನ್ನು ಕರೆದು ಕೇಳಿದ್ದು ಮೂರೇ ಪ್ರಶ್ನೆಯಂತೆ. ಆ ಹೆಂಗಸು ಮನೆಯಲ್ಲಿ ಎಲ್ಲಿ ಮಲಗುತ್ತಾರೆ? ಯಾರ ಜೊತೆ ಉಣ್ಣುತ್ತಾರೆ? ಹುಷಾರಿಲ್ಲದಾಗ ಯಾರನ್ನು ಕರೆಯುತ್ತಾರೆ? ಮಗಳಿಗೆ ಒಂದೂ ಗೊತ್ತಿರಲಿಲ್ಲ. ವರದಿ ವಾಪಸು ಬಂತು, ಒಂದು ವರ್ಷ ಹೋಯಿತು. ಮಕ್ಕಳನ್ನು ಓದಿಸುವವರು ಕೇಳಿ, ಫೀಸಿನಲ್ಲಿ ಬೇಕಾದರೆ ಚೌಕಾಸಿ ಮಾಡಿ, ದಿನಗಳಲ್ಲಿ ಬೇಡ.

ಮರುವರ್ಷ ಮಗಳ ಜೊತೆ ನಾನೂ ಹೊರಟೆ. ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಬ್ಯಾಗು ಕಿತ್ತುಕೊಂಡಳು. “ನೀನು ಇಲ್ಲಿಂದ್ಲೇ ವಾಪಸ್ ಹೋಗಪ್ಪ. ಜೀಪಿಗೆ ನಾನೊಬ್ಳೇ ಹೋಯ್ತೀನಿ.”

ನಾಲ್ಕು ವಾರ ಇದ್ದಳು, ಪಾಸಾದಳು. ವರದಿಯನ್ನು ನನ್ನ ಮುಂದಿಟ್ಟು ಒಳಗೆ ಹೋದಳು. ಹೊಸ ನಕ್ಷೆಯಲ್ಲಿ ಮಾವನ ತ್ರಿಕೋನ ನಮ್ಮವ್ವನ ವೃತ್ತದ ಪಕ್ಕಕ್ಕೇ ಬಂದಿತ್ತು, ಅಲ್ಲಿಂದ ಅಕ್ಕನ ವೃತ್ತಕ್ಕೆ ಮದುವೆಯ ಗೆರೆ ಇತ್ತು. ಕೆಳಗೆ ಬರೆದಿದ್ದಳು: ಈಕೆಗೆ ಟೀಚರ್ ಟ್ರೈನಿಂಗಿನಲ್ಲಿ ಸೀಟು ಸಿಕ್ಕಿತ್ತು, ಸೇರಲು ಬಿಡಲಿಲ್ಲ. ತಂದೆ ಇರಲಿಲ್ಲ. ಈಕೆಯ ತಮ್ಮನೇ ಮಾವನ ಹತ್ತಿರ ಮಾತಾಡಿದ: ಅಕ್ಕನನ್ನು ನಿನಗೇ ಕೊಡುತ್ತೇವೆ, ನನ್ನನ್ನು ಹಿಂದೂಪುರದ ಮಂಡಿಗೆ ಸೇರಿಸು.

ತಮ್ಮನ ಹೆಸರು ಇರಲಿಲ್ಲ. ಹೆಸರು ಬರೆಯಬಾರದೆಂಬುದು ಅವರ ಓದಿನ ನಿಯಮವಂತೆ. ಯಾರ ಹಂಗೂ ಇಲ್ಲದೆ ಮೇಲೆ ಬಂದವನು ನಾನು ಎಂದು ಅವಳಿಗೆ ಎಷ್ಟು ಸಲ ಹೇಳಿದ್ದೆನೋ.

ಅಕ್ಕನಿಗೆ ಫೋನ್ ಮಾಡಿದೆ. “ಅದ್ಯಾಕಕ್ಕ ಹೇಳ್ದೆ?”

“ದಿನಾ ಪಕ್ಕದಾಗೆ ಕುಂತು ಕೇಳ್ತಿದ್ಳು, ಹೇಳ್ದೆ ಕಣ್ಲಾ. ನೀನು ಬಂದಾಗೆಲ್ಲ ಸಂಜೆ ಜೀಪಿಗೇ ಹೊಂಟೋಯ್ತೀಯ.”