ಹೊಸ್ತಿಲಾಚೆಯ ಮೋತಿ

ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯಲ್ಲಿ ಅಂಬುಜಮ್ಮನವರ ಮಡಿ ಎಂದರೆ ಹೆಸರುವಾಸಿ. ಹಾಲಿನವಳು ಪಾತ್ರೆಗೆ ತಾಗದಂತೆ ಮೇಲಿನಿಂದ ಹಾಲು ಸುರಿಯಬೇಕು, ಸೌದೆಯವನು ಹೊರೆಯನ್ನು ಜಗಲಿಯ ಕೆಳಗೇ ಇಳಿಸಬೇಕು. ಹಾಗಂತ ಕೆಟ್ಟ ಹೆಂಗಸಲ್ಲ. ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದರು. ಯಾರನ್ನು ಎಲ್ಲಿ ಕೂರಿಸಿ ಕೊಡಬೇಕು ಎನ್ನುವುದಷ್ಟೇ ಅವರ ಲೆಕ್ಕ.

ಅಂಥ ಮನೆಗೆ ಗಂಡ ಶ್ರೀಕಂಠಯ್ಯನವರು ಒಂದು ಸಂಜೆ ನಾಯಿಮರಿ ತಂದರು. ವಿಮಾನ ಕಾರ್ಖಾನೆಯಲ್ಲಿ ಅವರ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಶಿವಾಜಿನಗರದ ಶಫಿ ಸಾಹೇಬರು ಕೊಟ್ಟದ್ದು. ಮೋತಿ ಎಂದು ಹೆಸರನ್ನೂ ಅವರೇ ಇಟ್ಟು ಕಳಿಸಿದ್ದರು. ಮಕ್ಕಳಿಲ್ಲದ ಮನೆ. ಗಂಡನ ಮುಖದಲ್ಲಿದ್ದ ಆಸೆ ನೋಡಿ ಅಂಬುಜಮ್ಮನವರಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ.

“ಇರ್ಲಿ. ಆದ್ರೆ ಹೊಸ್ತಿಲು ದಾಟ್ಕೂಡ್ದು. ಒಳಗೆ ಕಾಲಿಟ್ಟ ದಿನ ಬಂದ ದಾರೀಲೇ ವಾಪಸ್ಸು.”

“ಅದಕ್ಕೆ ಹೇಳ್ಕೊಡ್ತೀನಿ ಕಣೆ.”

“ನಾನು ನಿಮ್ಗೆ ಹೇಳೋದು, ನೀವು ನಾಯಿಗೆ ಹೇಳೋದು, ನಾಯಿ ಅದರ ಬಾಲಕ್ಕೆ ಹೇಳೋದು. ಆಯ್ತು ಬಿಡಿ!”

ಶ್ರೀಕಂಠಯ್ಯನವರು ಹಿಡಿದ ಪಟ್ಟು ಬಿಡುವ ಪೈಕಿ ಅಲ್ಲ. ದಿನಾ ಸಂಜೆ ಚಪಾತಿ ಚೂರು ಹಿಡಿದು ಹೊಸ್ತಿಲ ಒಳಗೆ ಕೂರುತ್ತಿದ್ದರು. ಮೋತಿ ಹೊಸ್ತಿಲ ಮೇಲೆ ಕಾಲಿಟ್ಟರೆ ಮುಷ್ಟಿ ಮುಚ್ಚಿ ಮುಖ ತಿರುಗಿಸಿಬಿಡುವರು. ಕಾಲು ಹಿಂದೆ ತೆಗೆದರೆ ಜಗಲಿಗೆ ಬಂದು ತಿನ್ನಿಸುವರು. ಕೋಲು ಮುಟ್ಟಲಿಲ್ಲ, ಗದರಲಿಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಬಾಗಿಲು ಹಾರುಹೊಡೆದಿದ್ದರೂ, ಒಳಗೆ ತುಪ್ಪ ಕಾಯಿಸುತ್ತಿದ್ದರೂ, ಮೋತಿಯ ಉಗುರು ಕೂಡ ಹೊಸ್ತಿಲಿಗೆ ತಾಗುತ್ತಿರಲಿಲ್ಲ. ಅಂಬುಜಮ್ಮನವರಿಗೇ ಹೆಮ್ಮೆ. “ನಮ್ಮ ಮೋತಿಗಿರೋ ಬುದ್ಧಿ ಮನುಷ್ಯರಿಗಿಲ್ಲ” ಎಂದು ಬೀದಿಯಲ್ಲೆಲ್ಲ ಹೇಳುತ್ತಿದ್ದರು. ಎಲೆಯಲ್ಲಿ ಮೊಸರನ್ನ ಇಟ್ಟು ದೂರ ಸರಿಯುವರು. ಮೋತಿಯನ್ನು ಮುಟ್ಟಿದ್ದು ಮಾತ್ರ ಇಲ್ಲ.

ಭಾನುವಾರ ಶಫಿ ಸಾಹೇಬರು ಸೈಕಲ್ಲಿನಲ್ಲಿ ಬರುವರು. ಜಗಲಿಯ ಮೇಲೆ ಅವರು, ಅವರ ಪಾದದ ಮೇಲೆ ಗದ್ದ ಊರಿ ಮೋತಿ, ಬಾಗಿಲ ಒಳಗೆ ಕುರ್ಚಿಯಲ್ಲಿ ಶ್ರೀಕಂಠಯ್ಯ. ಸಾಹೇಬರಿಗೆಂದೇ ಒಂದು ಗಾಜಿನ ಲೋಟ ಜಗಲಿಯ ಗೂಡಿನಲ್ಲಿತ್ತು. ವರ್ಷಗಳು ಹೀಗೇ ಕಳೆದವು.

ಎಪ್ಪತ್ತನಾಲ್ಕರ ಚಳಿಗಾಲದಲ್ಲಿ ಶ್ರೀಕಂಠಯ್ಯನವರಿಗೆ ಲಕ್ವ ಹೊಡೆಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಆಮೇಲೆ ಎದೆಯಲ್ಲಿ ಕಫ ಕಟ್ಟಿತು. ಇವರನ್ನು ಹೊರಗೆ ತರಲೇಬೇಡಿ, ಇನ್ನು ಹೆಚ್ಚು ದಿನ ಇಲ್ಲ, ಎಂದರು ಡಾಕ್ಟರು. ನಡುಮನೆಯಲ್ಲಿ ಮಂಚ ಹಾಕಿದರು. ರೋಗಿ ಎಡಗೈ ಚಾಚಿ ಬಾಗಿಲ ಕಡೆ ಬೆರಳಾಡಿಸುತ್ತಿದ್ದರು. ಅಂಬುಜಮ್ಮ ನೀರು ಕೊಟ್ಟರು, ಅದಲ್ಲ. ಪಂಚಾಂಗ ತಂದರು, ಅದೂ ಅಲ್ಲ. ಕೊನೆಗೆ ಆ ಬೆರಳಿನ ಜಾಡು ಹಿಡಿದು ನೋಡಿದರೆ ಹೊಸ್ತಿಲಾಚೆ ಮೋತಿ ನಿಂತಿತ್ತು. ಗಂಡ ಕಣ್ಣು ಮುಚ್ಚುವ ಮೊದಲು ಇದೊಂದನ್ನು ನಡೆಸಿಕೊಡಲೇಬೇಕು ಎನಿಸಿತು.

“ಬಾ ಮೋತಿ, ಒಳಗೆ ಬಾ.”

ಮೋತಿ ಬಾಲ ಆಡಿಸಿತು, ಕಾಲು ಎತ್ತಲಿಲ್ಲ. ಚಪಾತಿ ತೋರಿಸಿದರು. ಜೊಲ್ಲು ಸುರಿಯಿತು, ಕಾಲು ಬರಲಿಲ್ಲ. ದಿನವೂ ಕರೆದರು, ದಿನವೂ ಅದೇ ಪಾಡು. ಭಾನುವಾರ ಶಫಿ ಸಾಹೇಬರು ಬಂದವರೇ ಅದರ ಕೊರಳಿಗೆ ಹಗ್ಗ ಹಾಕಿ ತುದಿಯನ್ನು ಒಳಗೆ ಎಸೆದರು. ಅಂಬುಜಮ್ಮ ಎಳೆದರು. ಮೋತಿ ನಾಲ್ಕೂ ಕಾಲು ಊರಿ ಹಿಂದಕ್ಕೆ ಜಗ್ಗಿತು. ಉಗುರಿಗೆ ಸಿಕ್ಕು ಹೊಸ್ತಿಲ ಅರಿಶಿನ ಕಿತ್ತುಬಂತು. ಭಯಕ್ಕೆ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಅಂಬುಜಮ್ಮ ಹಗ್ಗ ಬಿಟ್ಟು ಅಲ್ಲೇ ಕೂತು ಅತ್ತರು.

“ಬರ್ಬೇಡ ಅನ್ನೋದನ್ನ ಎಷ್ಟು ಚೆನ್ನಾಗಿ ಕಲಿಸಿಬಿಟ್ವಿ. ಬಾ ಅನ್ನೋದನ್ನ ಯಾರೂ ಕಲಿಸ್ಲೇ ಇಲ್ಲ.”

“ಅಳ್ಬೇಡಿ ಅಮ್ಮಾ. ಅಯ್ಯನೋರ್ಗೆ ನನ್ದು ಸಲಾಂ ಹೇಳಿ,” ಎಂದರು ಸಾಹೇಬರು, ಜಗಲಿಯಿಂದಲೇ ಕತ್ತು ಉದ್ದ ಮಾಡಿ ಮಂಚದ ಕಡೆ ನೋಡುತ್ತ.

ಆಗ ಅಂಬುಜಮ್ಮನವರ ಕಣ್ಣು ಸಾಹೇಬರ ಪಾದಗಳ ಮೇಲೆ ಬಿತ್ತು. ಹೊಸ್ತಿಲಿಗೆ ಒಂದು ಗೇಣು ಆಚೆ, ಮೋತಿಯ ಪಕ್ಕದಲ್ಲೇ ನಿಂತಿದ್ದವು. ಗಂಡನ ಜೀವದ ಗೆಳೆಯ. ಇವರ ಮುಂದೆ ಯಾರೂ ಮುಷ್ಟಿ ಮುಚ್ಚಿರಲಿಲ್ಲ, ಬೇಡ ಅಂದಿರಲಿಲ್ಲ. ಗೂಡಿನಲ್ಲಿದ್ದ ಆ ಲೋಟ ಒಂದೇ ಸಾಕಾಗಿತ್ತು. ಅದನ್ನು ಅಲ್ಲಿ ಇಟ್ಟ ಕೈ ತನ್ನದೇ ಎಂದು ಅವರಿಗೆ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಆಗಿರದಷ್ಟು ನಾಚಿಕೆಯಾಯಿತು.

“ಶಫಿ ಸಾಹೇಬ್ರೆ, ನೀವು ಒಳಗೆ ಬನ್ನಿ.”

“ಪರ್ವಾ ಇಲ್ಲ ಅಮ್ಮಾ. ಇಲ್ಲಿಂದಾನೇ ಕಾಣ್ತಾರೆ.”

“ಕಂಡ್ರೆ ಸಾಲ್ದು. ಬನ್ನಿ.”

ಅವರು ಕಾಲೆತ್ತಿದರು, ಮತ್ತೆ ಇಳಿಸಿದರು. ಅಂಬುಜಮ್ಮನವರ ಮುಖ ನೋಡಿ ಇನ್ನೊಮ್ಮೆ ಎತ್ತಿ ದಾಟಿದರು. ಮಂಚದ ಪಕ್ಕ ನೆಲದ ಮೇಲೆ ಕೂತರು. ಶ್ರೀಕಂಠಯ್ಯನವರ ಎಡಗೈ ಗೆಳೆಯನ ಭುಜ ಹಿಡಿಯಿತು.

ಹೊರಗೆ ಮೋತಿ ಒಂಟಿಯಾಯಿತು. ಯಾವಾಗಲೂ ಜೊತೆಗೆ ಕೂರುತ್ತಿದ್ದವರೂ ಒಳಗೆ ಹೋಗಿಬಿಟ್ಟಿದ್ದರು. ಕುಂಯ್‌ಗುಟ್ಟಿತು, ಸುತ್ತು ಹಾಕಿತು. ಆಮೇಲೆ ಹೊಟ್ಟೆ ನೆಲಕ್ಕೆ ತಾಗುವಷ್ಟು ಬಗ್ಗಿ ನಡುಗುತ್ತ ದಾಟಿ ಬಂತು. ಅಂಬುಜಮ್ಮ ತಾವೇ ಅದರ ಬೆನ್ನ ಮೇಲೆ ಕೈಯಿಟ್ಟು ಮಂಚದವರೆಗೆ ನಡೆಸಿದರು. ಶ್ರೀಕಂಠಯ್ಯನವರ ಎಡಗೈ ಈಗ ಮೋತಿಯ ತಲೆ ಸವರಿತು. ಆ ದಿನ ಸಾಹೇಬರ ಕಾಫಿಯನ್ನು ಅಂಬುಜಮ್ಮ ಮನೆಯ ಬೆಳ್ಳಿ ಲೋಟದಲ್ಲಿ ತಂದರು.

ಸಂಕ್ರಾಂತಿಗೆ ಮೊದಲೇ ಶ್ರೀಕಂಠಯ್ಯನವರು ಹೋದರು. ವೈಕುಂಠ ಸಮಾರಾಧನೆ ಕಳೆದ ಮೇಲಿನ ಭಾನುವಾರ ಸೈಕಲ್ ಗಂಟೆ ಕೇಳಿ ಅಂಬುಜಮ್ಮ ಎದ್ದು ಬಂದರು. ಬಾಗಿಲು ತೆರೆದೇ ಇತ್ತು. ಶಫಿ ಸಾಹೇಬರು ಮೊದಲಿನಂತೆ ಜಗಲಿಯಲ್ಲೇ ನಿಂತಿದ್ದರು, ಮೋತಿ ಅವರ ಪಕ್ಕದಲ್ಲಿ.

ಒಂದು ದಿನ ಕರೆದುಬಿಟ್ಟರೆ ಮುಗಿಯುವ ಪಾಠ ಇದಲ್ಲ ಎಂದು ಅಂಬುಜಮ್ಮನವರಿಗೆ ಆಗ ತಿಳಿಯಿತು.

“ಒಳಗೆ ಬನ್ನಿ,” ಎಂದರು. ಮುಂದಿನ ವಾರವೂ ಎಂದರು, ಅದರ ಮುಂದಿನ ವಾರವೂ. ಅನ್ನುವವರೆಗೆ ಇಬ್ಬರೂ ಆಚೆಯೇ ಕಾಯುತ್ತಿದ್ದರು.